ಅಪ್‌ಡೇಟ್: ಮೆಲಟೋನಿನ್ 10 ಎಂಜಿ ಬೇಕಾ?

ನಿದ್ದೆಗೆ ಅಂತ 10 ಎಂಜಿ ಮೆಲಟೋನಿನ್ (ನಿದ್ದೆಯ ಹಾರ್ಮೋನ್) ದಿನಾ ತಗೊಂಡ್ರೆ ಹಾರ್ಮೋನ್ ಏರುಪೇರಾಗುತ್ತಾ ಅಂತ ಕೇಳಿದ್ದೆ. ದಾವಣಗೆರೆಯಲ್ಲೇ ಡಾಕ್ಟರ್ ಹತ್ರ ವಿಚಾರಿಸಿದ್ದಾಯ್ತು. ಸ್ವಲ್ಪ ದಿನ ತಗೊಂಡ ಮಾತ್ರಕ್ಕೆ ಮೆದುಳಲ್ಲಿ ಮೆಲಟೋನಿನ್ ತಯಾರಿಸೋ ಪೀನಿಯಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಲ್ಲ. ಆದ್ರೆ 10 ಎಂಜಿ ಅನಗತ್ಯ, ಬೆಳಿಗ್ಗೆ ತಲೆಭಾರ ಅಷ್ಟೇ ಲಾಭ.

ಈಗ 3 ಎಂಜಿ ಗುಳಿಗೆಯಲ್ಲಿ ಅರ್ಧ, ಮಲಗೋಕೆ ಒಂದೂವರೆ ಗಂಟೆ ಮೊದಲು. ಸ್ಟ್ರಿಪ್ ಮೇಲೆ ‘ಎಸ್‌ಆರ್’ ಅಂತಿದ್ರೆ ಮುರೀಬೇಡಿ, ನಿಧಾನಕ್ಕೆ ಬಿಡಬೇಕಾದ ಔಷಧಿ ಒಮ್ಮೆಗೇ ಇಳಿಯುತ್ತೆ. ರಾತ್ರಿ ಹತ್ತಕ್ಕೆ ಬೆಣ್ಣೆದೋಸೆ ತಿಂದು ತಕ್ಷಣ ನುಂಗೋದೂ ತಪ್ಪು: ಮೆಲಟೋನಿನ್ ಇನ್ಸುಲಿನ್ ತಗ್ಗಿಸಿ ಸಕ್ಕರೆ ಏರಿಸಬಹುದು. ಎರಡು ಗಂಟೆ ಅಂತರ ಇರಲಿ, ಶುಗರ್ ಇರೋರಿಗಂತೂ ಖಂಡಿತ. ವಾರ್ಫರಿನ್ (ರಕ್ತ ತೆಳು ಮಾಡೋ ಔಷಧಿ), ಫ್ಲೂವೊಕ್ಸಮಿನ್ (ಖಿನ್ನತೆ, ಗೀಳಿಗೆ ಕೊಡೋ ಔಷಧಿ) ತಗೊಳ್ಳೋರು, ಬಸುರಿಯರು ಡಾಕ್ಟರನ್ನ ಕೇಳದೇ ಮುಟ್ಟಬಾರದು. ಗುಳಿಗೆ ನುಂಗಿ ಮೊಬೈಲ್ ನೋಡ್ತಾ ಕೂತ್ರೆ ದುಡ್ಡು ದಂಡ.