ಹಾಲಿನ ಡೇರಿ ಯಂತ್ರದಲ್ಲಿ ಎಸ್‌ಕ್ಯೂಲೈಟ್: ಹೀಪ್‌ನಲ್ಲಿ ಜಾಗ ಇದ್ದರೂ 'ಔಟ್ ಆಫ್ ಮೆಮೊರಿ' ಏಕೆ?

ಪ್ರಶ್ನೆ (ಚನ್ನರಾಯಪಟ್ಟಣದಿಂದ): ಸರ್, ಹಳ್ಳಿ ಡೇರಿಗಳಲ್ಲಿ ಹಾಲು ಅಳೆದು ಚೀಟಿ ಕೊಡುವ ಯಂತ್ರಕ್ಕೆ ಫರ್ಮ್‌ವೇರ್ ಬರೀತಿದ್ದೀವಿ. ಚಿಪ್ ಇಎಸ್‌ಪಿ32, ಪಿಎಸ್‌ರಾಮ್ (ಹೊರಗಿನ ಹೆಚ್ಚುವರಿ ರ‍್ಯಾಮ್) ಇಲ್ಲ, ಎಸ್‌ಕ್ಯೂಲೈಟ್ (ಒಂದೇ ಫೈಲ್‌ನಲ್ಲಿರುವ ಚಿಕ್ಕ ಡೇಟಾಬೇಸ್) ಎಸ್‌ಡಿ ಕಾರ್ಡ್‌ನಲ್ಲಿ. ಪ್ರತಿ ಸದಸ್ಯರಿಗೂ ಮೂರು ಕ್ವೆರಿ: ಹೆಸರು ಹುಡುಕೋದು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನ ಅಂಶ) ನೋಡಿ ದರ ತೆಗೆಯೋದು, ಲೆಕ್ಕ ಸೇರಿಸೋದು. ಸ್ಪ್ರಿಂಟ್‌ಎಫ್‌ನಲ್ಲಿ ಕ್ವೆರಿಯ ಪಠ್ಯ ಕಟ್ಟಿ ಎಕ್ಸೆಕ್‌ಗೆ (ಪಠ್ಯವನ್ನ ಓಡಿಸುವ ಫಂಕ್ಷನ್) ಕೊಡ್ತೀವಿ. ಬೆಳಿಗ್ಗೆ ಸರಿಯಾಗೇ ನಡೆಯುತ್ತೆ, ಸಂಜೆ ಸಾಲಿನ ಮಧ್ಯೆ 'ಔಟ್ ಆಫ್ ಮೆಮೊರಿ'. ಫ್ರೀ ಹೀಪ್ (ಓಡುವಾಗ ಬೇಕಾದಂತೆ ತಗೊಳ್ಳುವ ಮೆಮೊರಿಯಲ್ಲಿ ಉಳಿದಿರೋದು) ಮಾತ್ರ 70 ಕೆಬಿ ತೋರಿಸುತ್ತೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್‌ಗೆ (ಒಮ್ಮೆ ಕಂಪೈಲ್ ಮಾಡಿಟ್ಟು, ಬೆಲೆ ಮಾತ್ರ ಬದಲಿಸಿ ಓಡಿಸುವ ಕ್ವೆರಿ) ಬದಲಾಯಿಸಿದ್ರೆ ಸರಿಹೋಗುತ್ತಾ?

ಉತ್ತರ: ಅರ್ಧ ಸರಿಹೋಗುತ್ತೆ. ಮೊದಲು ಒಟ್ಟು ಫ್ರೀ ಬಿಟ್ಟು, ಒಂದೇ ತುಂಡಾಗಿ ಎಷ್ಟು ಸಿಗುತ್ತೆ ಅಂತ ನೋಡಿ. 70 ಕೆಬಿ ಚೂರುಚೂರಾಗಿ ಬಿದ್ದಿದ್ದರೆ 8 ಕೆಬಿ ಕೇಳಿದರೂ ಸಿಗಲ್ಲ. ಎಕ್ಸೆಕ್ ಪ್ರತಿ ಸಲ ಕ್ವೆರಿಯನ್ನ ಪಾರ್ಸ್ ಮಾಡಿ (ಬಿಡಿಸಿ ಓದಿ), ಬೈಟ್‌ಕೋಡ್ (ಎಸ್‌ಕ್ಯೂಲೈಟ್ ಒಳಗೆ ಓಡಿಸುವ ಸೂಚನೆಗಳು) ಮಾಡಿ, ಓಡಿಸಿ, ಬಿಸಾಕುತ್ತೆ. ಅದರ ನಡುವೆ ವೈಫೈ ಮತ್ತು ಪ್ರಿಂಟರ್ ಕೋಡ್ ಕೂಡ ಮೆಮೊರಿ ತಗೊಂಡು ಬಿಡ್ತಾ ಇರುತ್ತೆ. ಚೂರಾಗದೆ ಇನ್ನೇನು?

ಮೂರೂ ಕ್ವೆರಿಗಳನ್ನ ಬೂಟ್ ಆದ ಕೂಡಲೇ, ವೈಫೈ ಶುರುವಾಗೋಕೆ ಮುಂಚೆ, ಪ್ರಿಪೇರ್ ಮಾಡಿ ಇಟ್ಟುಕೊಳ್ಳಿ. ಪ್ರಿಪೇರ್ ವಿ3 ಬಳಸಿ (3.20ರಿಂದ ಇದೆ), ಪರ್ಸಿಸ್ಟೆಂಟ್ ಫ್ಲ್ಯಾಗ್ ಹಾಕಿ. ಆಗ ಬಹಳ ಕಾಲ ಉಳಿಯುವ ಸ್ಟೇಟ್‌ಮೆಂಟ್ ಲುಕ್‌ಅಸೈಡ್ (ಪ್ರತಿ ಕನೆಕ್ಷನ್ ಚಿಕ್ಕ ಕೆಲಸಗಳಿಗೆ ಮೊದಲೇ ಎತ್ತಿಡುವ ಮೆಮೊರಿ) ಜಾಗ ತಿನ್ನಲ್ಲ.

ಆ ಲುಕ್‌ಅಸೈಡೇ ದೊಡ್ಡ ತಲೆನೋವು. ಹಳೇ ವರ್ಷನ್‌ಗಳಲ್ಲಿ ಡೀಫಾಲ್ಟ್ 1200 ಬೈಟ್‌ನ 100 ಸ್ಲಾಟ್, ಅಂದ್ರೆ ಒಂದು ಕನೆಕ್ಷನ್‌ಗೇ 1,20,000 ಬೈಟ್, 3.31ರಿಂದ 48,000. ನಿಮ್ಮ ಚಿಪ್‌ನಲ್ಲಿ ಇರೋದೇ 520 ಕೆಬಿ. 128 ಬೈಟ್‌ನ 32 ಸ್ಲಾಟ್‌ಗೆ ಇಳಿಸಿ. ಪೇಜ್ ಕ್ಯಾಶ್ (ಡೇಟಾಬೇಸ್‌ನಿಂದ ಓದಿದ ಪೇಜ್‌ಗಳನ್ನ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳೋದು) ಡೀಫಾಲ್ಟ್ ಸುಮಾರು 2 ಎಂಬಿವರೆಗೂ ಬೆಳೆಯಬಹುದು; ಪೇಜ್ ಸೈಜ್ 1024, ಕ್ಯಾಶ್ 16 ಪೇಜ್ ಮಾಡಿ. ಪೇಜ್ ಸೈಜನ್ನ ಟೇಬಲ್ ಸೃಷ್ಟಿಸೋಕೆ ಮುಂಚೆನೇ ಹೇಳಬೇಕು, ಆಮೇಲಾದರೆ ವ್ಯಾಕ್ಯೂಮ್ (ಡೇಟಾಬೇಸನ್ನ ಪೂರ್ತಿ ಮತ್ತೆ ಬರೆಯೋದು) ಮಾಡಬೇಕಾಗುತ್ತೆ.

ಇಷ್ಟಾದ ಮೇಲೂ ಚೂರಾದರೆ, ಮೆಮ್‌ಸಿಸ್5 (ಹೀಪ್ ಬಿಟ್ಟು, ನೀವು ಕೊಟ್ಟ ಬಫರ್‌ನಿಂದಲೇ ಮೆಮೊರಿ ಹಂಚುವ ಎಸ್‌ಕ್ಯೂಲೈಟ್‌ನ ಭಾಗ) ಸೇರಿಸಿ ಲೈಬ್ರರಿ ಕಂಪೈಲ್ ಮಾಡಿ, 64 ಕೆಬಿ ಸ್ಟ್ಯಾಟಿಕ್ ಬಫರ್ ಕೊಡಿ. ಅಷ್ಟು ಬೇಕೋ ಬೇಡವೋ ಮೆಮೊರಿ ಹೈವಾಟರ್ (ಅತಿ ಹೆಚ್ಚು ಬಳಸಿದ ಮೆಮೊರಿಯ ಲೆಕ್ಕ) ಹೇಳುತ್ತೆ. ಈ ಕಾನ್ಫಿಗ್ ಕರೆ ಇನಿಷಿಯಲೈಸ್‌ಗೆ ಮುಂಚೆ ಬರಬೇಕು, ಇಲ್ಲದಿದ್ದರೆ 'ಮಿಸ್‌ಯೂಸ್' (ತಪ್ಪು ಬಳಕೆ) ಅನ್ನೋ ಎರರ್. ಮೆಮ್‌ಸಿಸ್5 ಕೇಳಿದ್ದನ್ನ 2ರ ಘಾತಕ್ಕೆ ಏರಿಸಿ ಕೊಡುತ್ತೆ: 1024ರ ಪೇಜ್‌ಗೆ ಹೆಡರ್ ಸೇರಿದ ಕೂಡಲೇ 2048 ಹೋಯ್ತು. ಹಾಗಾಗಿ ಪೇಜ್ ಕ್ಯಾಶ್‌ಗೆ ಬೇರೆ ಬಫರ್ ಕೊಡೋದು ಲೇಸು.

ಪ್ರಶ್ನೆ (ಅವರೇ): ಪ್ರಿಪೇರ್‌ಗೆ ಬದಲಾಯಿಸಿದ್ವಿ ಸರ್, ಮೆಮೊರಿ ಸಮಸ್ಯೆ ನಿಂತಿದೆ. ಆದರೆ ಒಬ್ಬರ ಎಸ್‌ಎನ್‌ಎಫ್ ಮುಂದಿನವರ ಚೀಟಿಯಲ್ಲಿ ಬರ್ತಿದೆ!

ಉತ್ತರ: ಸ್ಟೇಟ್‌ಮೆಂಟನ್ನ ರೀಸೆಟ್ ಮಾಡಿದರೆ (ಮತ್ತೆ ಓಡಿಸೋಕೆ ಮೊದಲಿಗೆ ತಂದರೆ) ಬೈಂಡ್ ಆದ, ಅಂದ್ರೆ ಅದರೊಳಗೆ ತುಂಬಿಸಿದ, ಬೆಲೆಗಳು ಅಳಿಸಿಹೋಗಲ್ಲ. ಹಾಲು ಪರೀಕ್ಷಿಸುವ ಅನಲೈಸರ್ ಉತ್ತರ ಕೊಡದಿದ್ದಾಗ ನಿಮ್ಮ ಕೋಡ್ ಎಸ್‌ಎನ್‌ಎಫ್ ಬೈಂಡನ್ನೇ ಬಿಟ್ಟು ಮುಂದೆ ಹೋಗ್ತಿರಬೇಕು, ಹಿಂದಿನವರ 8.5 ಅಲ್ಲೇ ಕೂತಿರುತ್ತೆ. ಸ್ಟೆಪ್ (ಓಡಿಸೋದು), ರೀಸೆಟ್, ಕ್ಲಿಯರ್ ಬೈಂಡಿಂಗ್ಸ್ (ತುಂಬಿಸಿದ ಬೆಲೆ ಅಳಿಸೋದು) — ಇದೇ ಕ್ರಮ. ರೀಸೆಟ್ ಮಾಡದೆ ಬೈಂಡ್ ಮಾಡಿದರೂ ಇದೇ ಗತಿ: ಬೈಂಡ್ 'ಮಿಸ್‌ಯೂಸ್' ಅಂತ ಹಿಂತಿರುಗುತ್ತೆ, ಹಳೇ ಬೆಲೆ ಹಾಗೇ ಉಳಿಯುತ್ತೆ. ರಿಟರ್ನ್ ಕೋಡ್ ನೋಡದೆ ಬಿಡಬೇಡಿ, ರೈತರ ದುಡ್ಡಿನ ವಿಷಯ.

ಹೆಸರು ಹುಡುಕುವ ಸೆಲೆಕ್ಟನ್ನೂ ಒಂದು ಸಾಲು ಓದಿದ ಕೂಡಲೇ ರೀಸೆಟ್ ಮಾಡಿ. ಇಲ್ಲದಿದ್ದರೆ ಓದುವ ಲಾಕ್ ಹಿಡಿದೇ ಇರುತ್ತೆ, ಅಪ್‌ಲೋಡ್ ಟಾಸ್ಕ್ ಬೇರೆ ಕನೆಕ್ಷನ್‌ನಿಂದ ಬರೆಯೋಕೆ ಹೋದಾಗ 'ಡೇಟಾಬೇಸ್ ಈಸ್ ಲಾಕ್ಡ್' ಬರುತ್ತೆ.

ಪ್ರಶ್ನೆ (ಮೂಡಿಗೆರೆಯಿಂದ): ಲ್ಯಾಪ್‌ಟಾಪ್‌ನಲ್ಲೇ ಕಂಪೈಲ್ ಮಾಡಿ ಬೈಟ್‌ಕೋಡನ್ನ ಫ್ಲ್ಯಾಶ್‌ಗೆ ಹಾಕಬಹುದಾ? ಪಾರ್ಸರೇ ಬೇಡವಾಗುತ್ತಲ್ಲ.

ಉತ್ತರ: ಎಲ್ಲರಿಗೂ ಸಿಗುವ ಎಸ್‌ಕ್ಯೂಲೈಟ್‌ನಲ್ಲಿ ಅದಕ್ಕೆ ದಾರಿಯಿಲ್ಲ. ಸ್ಟೇಟ್‌ಮೆಂಟ್ ಒಂದು ಕನೆಕ್ಷನ್‌ಗೆ ಅಂಟಿಕೊಂಡಿರುತ್ತೆ, ಒಳಗೆ ಟೇಬಲ್‌ನ ರೂಟ್ ಪೇಜ್ (ಫೈಲ್‌ನಲ್ಲಿ ಟೇಬಲ್ ಶುರುವಾಗುವ ಪೇಜ್) ನಂಬರ್ ಇರುತ್ತೆ, ಬೈಟ್‌ಕೋಡ್ ವರ್ಷನ್‌ನಿಂದ ವರ್ಷನ್‌ಗೆ ಬದಲಾಗಬಹುದು. ಸ್ಕೀಮಾ (ಟೇಬಲ್‌ಗಳ ರಚನೆ) ಬದಲಾದರೆ ಎಸ್‌ಕ್ಯೂಲೈಟೇ ಮತ್ತೆ ಪ್ರಿಪೇರ್ ಮಾಡಿಕೊಳ್ಳುತ್ತೆ, ಅದಕ್ಕೂ ಪಾರ್ಸರ್ ಬೇಕು. ಪಾರ್ಸರ್ ಕೋಡ್ ಇರೋದು ಫ್ಲ್ಯಾಶ್‌ನಲ್ಲಿ, ಅದು ರ‍್ಯಾಮ್ ತಿನ್ನೋದು ಪ್ರಿಪೇರ್ ಹೊತ್ತಲ್ಲಿ ಮಾತ್ರ.

ಇನ್ನೊಂದು, ದರಪಟ್ಟಿ ಬಗ್ಗೆ: ಫ್ಯಾಟ್ 4.1 ಅನ್ನೋದನ್ನ 41 ಅಂತ ಪೂರ್ಣಾಂಕವಾಗಿ ಇಡಿ. ಸೆನ್ಸರ್‌ನ ಫ್ಲೋಟ್ 4.1 ಮತ್ತು ಟೇಬಲ್‌ನ ಡಬಲ್ 4.1 ಸಮ ಅಲ್ಲ. ಎಷ್ಟೇ ಚೆನ್ನಾಗಿ ಪ್ರಿಪೇರ್ ಮಾಡಿದ್ದರೂ ದರ ಸಿಗಲ್ಲ.