ಓದುಗರ ಸ್ಪಂದನ: ನಲವತ್ತು ಮಂದಿಯ ಶಿಬಿರ, ಎರಡು ದಿನದ ಸೇವೆ

ಓದುಗರೊಬ್ಬರ ಸಮಸ್ಯೆ ಹೀಗಿತ್ತು: "ಮೂಡಿಗೆರೆ ಕಡೆಯ ಒಂದು ಚರ್ಚಿನ ಯುವಸಂಘದ ಜವಾಬ್ದಾರಿ ನನ್ನ ಮೇಲಿದೆ. ಮೇ ಮೂರನೇ ವಾರದಲ್ಲಿ ನಾಲ್ಕು ದಿನದ ಶಿಬಿರ ಮಾಡಿ ಅಂತ ಫಾದರ್ ಹೇಳಿದ್ದಾರೆ. 14ರಿಂದ 22 ವಯಸ್ಸಿನ 40 ಮಂದಿ, ಅದರಲ್ಲಿ 18 ಹೆಣ್ಣುಮಕ್ಕಳು. ಎರಡು ದಿನ ಪ್ರಾರ್ಥನೆ, ತರಗತಿ, ಆಟ. ಇನ್ನೆರಡು ದಿನ ಒಳಗಿನ ಹಳ್ಳಿಯ ಸರ್ಕಾರಿ ಶಾಲೆಗೆ ಬಣ್ಣ ಹೊಡೆಯುವ ಸೇವೆ. ಹಿಂದಿನ ಸಲ ಅರ್ಧ ಮಂದಿ ಕೆಲಸವಿಲ್ಲದೆ ಕೂತಿದ್ದರು, ಕೊನೇ ದಿನ ಸುಮಾರು ಜನಕ್ಕೆ ಹೊಟ್ಟೆ ಕೆಟ್ಟಿತು. ಹೆಣ್ಣುಮಕ್ಕಳ ಮನೆಯವರು ಈಗ ಹಿಂಜರಿಯುತ್ತಿದ್ದಾರೆ. ಹೊರದೇಶದಲ್ಲಿರುವ ಊರಿನವರು ಹಣ ಕಳಿಸುತ್ತೇವೆ ಅಂದಿದ್ದಾರೆ. ಎಲ್ಲಿಂದ ಶುರು ಮಾಡಲಿ?"

ನಿವೃತ್ತ ಮುಖ್ಯಶಿಕ್ಷಕರು, ಬೇಲೂರು ತಾಲ್ಲೂಕು

ಶಾಲೆಯಿಂದ ಶುರು ಮಾಡಮ್ಮ. ಶಿಬಿರದ ವೇಳಾಪಟ್ಟಿ ಆಮೇಲೆ. ಬೇಸಿಗೆ ರಜೆಯಲ್ಲಿ ಶಾಲೆಯ ಬೀಗದ ಕೈ ಮುಖ್ಯಶಿಕ್ಷಕರ ಹತ್ತಿರ ಇರುತ್ತದೆ, ಅವರು ಬೇರೆ ಊರಲ್ಲಿರುತ್ತಾರೆ. ಹಾಗಾಗಿ ಏಪ್ರಿಲ್ ಮೊದಲ ವಾರ, ಶಾಲೆ ಮುಚ್ಚುವ ಮುಂಚೆಯೇ ಹೋಗಿ ಮಾತಾಡಿ. ಬಾಯಿಮಾತು ಸಾಲದು. ಏನು ಕೆಲಸ, ಯಾವ ದಿನ, ಎಷ್ಟು ಜನ, ಸಾಮಾನಿನ ಖರ್ಚು ಯಾರದು ಎಂದು ಒಂದು ಪತ್ರ ಬರೆದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ. ಅದರ ಒಂದು ಪ್ರತಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ, ಒಂದು ಗ್ರಾಮ ಪಂಚಾಯಿತಿಗೆ.

"ನಿಮಗೆ ಏನು ಬೇಕು?" ಅಂತ ಕೇಳಿದರೆ ಎಲ್ಲ ಶಾಲೆಯವರೂ "ಪೇಂಟ್ ಹೊಡೆಸಿಕೊಡಿ" ಅನ್ನುತ್ತಾರೆ, ಯಾಕೆಂದರೆ ಹೊರಗಿನವರು ಕೊಡುವುದು ಅದನ್ನೇ ಎಂದು ಅವರಿಗೆ ಗೊತ್ತು. ಪ್ರಶ್ನೆ ತಿರುಗಿಸಿ ಕೇಳಿ: ಮಳೆಗಾಲದಲ್ಲಿ ಯಾವ ಕೋಣೆ ಸೋರುತ್ತದೆ? ಅಂಗಳದ ನೀರು ಯಾವ ಕಡೆ ನಿಲ್ಲುತ್ತದೆ? ಶೌಚಾಲಯಕ್ಕೆ ನೀರು ಬರುತ್ತದೆಯೇ? ಮಲೆನಾಡಿನ ಹೆಂಚಿನ ಶಾಲೆಗೆ ಜೂನ್ ಒಳಗೆ ಆಗಬೇಕಾದದ್ದು ಸರಿದ ಹೆಂಚು ಕೂರಿಸುವುದು, ಚರಂಡಿ ಬಿಡಿಸುವುದು. ಗೋಡೆಯ ಬಣ್ಣ ಅದರ ನಂತರದ ಮಾತು. ಸೋರುವ ಕೋಣೆಗೆ ಹೊಡೆದ ಬಣ್ಣ ಆಗಸ್ಟ್ ಕಾಣುವುದಿಲ್ಲ. ಮಾಡಿನ ಮೇಲೆ ಮಾತ್ರ ಮಕ್ಕಳನ್ನು ಹತ್ತಿಸಬೇಡಿ. ಊರಿನ ಹೆಂಚಿನ ಕೆಲಸದವರಿಬ್ಬರಿಗೆ ದಿನಗೂಲಿ ಕೊಡಿ, ಮಕ್ಕಳು ಕೆಳಗೆ ಸಾಲಾಗಿ ನಿಂತು ಹೆಂಚು ದಾಟಿಸಲಿ.

ಅರ್ಧ ಮಂದಿ ಕೂತಿದ್ದಕ್ಕೆ ಸೋಮಾರಿತನ ಕಾರಣವಲ್ಲ, ಲೆಕ್ಕ ತಪ್ಪಿದ್ದು. ಒಂದು ಕೋಣೆಯೊಳಗೆ ಐದು ಜನಕ್ಕಿಂತ ಹೆಚ್ಚು ಬಣ್ಣ ಹೊಡೆಯಲಾಗದು. ಎರಡು ಕೋಣೆಗೆ 10 ಮಂದಿ ಆಯಿತು. ಚರಂಡಿಗೆ 8, ಹರಿದ ಗ್ರಂಥಾಲಯ ಪುಸ್ತಕಗಳಿಗೆ ರಟ್ಟು ಹಾಕಿ ಅಂಟಿಸಲು 6, ಕೈತೋಟದ ಬೇಲಿಗೆ 6, ಅಡುಗೆಯವರ ಜೊತೆ 5, ಕುಡಿಯುವ ನೀರು ಮತ್ತು ಔಷಧಿ ಪೆಟ್ಟಿಗೆಗೆ 2. ಉಳಿದ ಮೂವರು ಯಾರು ಸುಸ್ತಾದರೋ ಅವರ ಜಾಗಕ್ಕೆ. ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಅದಲು ಬದಲು. ಚರಂಡಿಯವರನ್ನು ಇಡೀ ದಿನ ಅಲ್ಲೇ ಬಿಡಬೇಡಿ. ಹಾರೆ, ಗುದ್ದಲಿ, ಬುಟ್ಟಿ ಊರಿನಲ್ಲಿ ಸಿಗುತ್ತವೆ ಎಂದು ನಂಬಿ ಹೋಗಬೇಡಿ. ಅದು ತೋಟದ ಕೆಲಸದ ಕಾಲ, ಯಾರ ಮನೆಯಲ್ಲೂ ಮಿಕ್ಕಿರುವುದಿಲ್ಲ.

ಇನ್ನೊಂದು, ಮುಲಾಜಿಲ್ಲದೆ ಹೇಳುತ್ತೇನೆ. ಶಾಲೆಯ ಆವರಣದಲ್ಲಿ ಪ್ರಾರ್ಥನೆ, ಭಕ್ತಿಗೀತೆ, ಪುಸ್ತಕ ಹಂಚುವುದು ಯಾವುದೂ ಬೇಡ. ಬ್ಯಾನರ್ ಕೂಡ ಬೇಡ. ಜಪಸರ, ಬಲಿಪೂಜೆ (ಚರ್ಚಿನ ಆರಾಧನೆ) ಎಲ್ಲ ನೀವು ತಂಗುವ ಕಡೆ ಮುಗಿಸಿ ಬನ್ನಿ. ಪತ್ರದಲ್ಲಿಯೂ "ಸೇವಾ ಕೆಲಸ ಮಾತ್ರ" ಎಂದು ಬರೆಯಿರಿ. ನಾಳೆ ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರ ಕೊಡಬೇಕಾದವರು ಆ ಮುಖ್ಯಶಿಕ್ಷಕರು.

ಪೇಂಟಿಂಗ್ ಗುತ್ತಿಗೆದಾರರು, ಹಾಸನ

ಮೇಷ್ಟ್ರು ಹೇಳಿದ್ದು ಸರಿ, ಆದರೆ ಬಣ್ಣ ಹೊಡೆಯುವುದೇ ಆದರೆ ಮೊದಲು ಗೋಡೆಗೆ ಅಂಗೈ ಒತ್ತಿ ನೋಡಿ. ಬಿಳಿ ಪುಡಿ ಕೈಗೆ ಅಂಟಿದರೆ ಅದು ಹಳೇ ಸುಣ್ಣ. ಅದರ ಮೇಲೆ ಎಮಲ್ಷನ್ (ನೀರು ಬೆರೆಸಿ ಹೊಡೆಯುವ ಗೋಡೆಬಣ್ಣ) ಎಳೆದರೆ ಗೋಡೆಗೆ ಹಿಡಿಯುವುದಿಲ್ಲ, ಪುಡಿಗೆ ಹಿಡಿಯುತ್ತದೆ. ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಪೂರ್ತಿ ಕೆರೆದು, ಎಮರಿ ಕಾಗದ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚಿನ ತಳಲೇಪ. ಇದಕ್ಕೇ ಒಂದು ದಿನ ಹೋಗುತ್ತದೆ. ಎರಡನೇ ದಿನ ಎರಡು ಕೋಟ್, ನಡುವೆ ನಾಲ್ಕು ಗಂಟೆ ಬಿಡಬೇಕು. ಹಾಗಾಗಿ ಎರಡು ದಿನಕ್ಕೆ ಎರಡೇ ಕೋಣೆ. ಮೂರನೆಯದಕ್ಕೆ ಆಸೆ ಪಡಬೇಡಿ.

20 ಅಡಿಗೆ 20 ಅಡಿ ಕೋಣೆ, 10 ಅಡಿ ಎತ್ತರ: 800 ಚದರಡಿ. ಬಾಗಿಲು, ಕಿಟಕಿ, ಕಪ್ಪುಹಲಗೆ ಕಳೆದರೆ 700. ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ ಸುಮಾರು 120 ಚದರಡಿ ಬರುತ್ತದೆ. ಎರಡು ಕೋಟ್‌ಗೆ 12 ಲೀಟರ್, ಪ್ರೈಮರ್ 6ರಿಂದ 7 ಲೀಟರ್. ಒರಟು ಗಾರೆಗೆ ಇನ್ನೂ ಒಂದೆರಡು ಲೀಟರ್ ಕುಡಿಯುತ್ತದೆ. ಎರಡೂ ಕೋಣೆಯ ಡಬ್ಬಗಳನ್ನು ಒಂದೇ ಸಲ, ಒಂದೇ ಬ್ಯಾಚ್ ನೋಡಿ ತನ್ನಿ. ಇಲ್ಲದಿದ್ದರೆ ಬಣ್ಣದಲ್ಲಿ ಛಾಯೆ ಬೇರೆಯಾಗಿ ಗೋಡೆಯ ಮಧ್ಯೆ ಗೆರೆ ಕಾಣುತ್ತದೆ. ನೀರು ಎಷ್ಟು ಬೆರೆಸಬೇಕೆಂದು ಡಬ್ಬದ ಮೇಲೆ ಇರುತ್ತದೆ, ಒಬ್ಬರೇ ಬೆರೆಸಲಿ. ಹುಡುಗರು ತಮ್ಮ ತಮ್ಮ ಬಕೆಟ್ಟಿಗೆ ನೀರು ಸುರಿದುಕೊಂಡರೆ ಕೆಲಸ ಕೆಟ್ಟಂತೆ.

ಗೋಡೆಯ ಬುಡದಲ್ಲಿ ಒಂದೆರಡು ಅಡಿ ಶೀತ ಏರಿದ್ದರೆ ಎಮಲ್ಷನ್ ಮರೆತುಬಿಡಿ. ಅಲ್ಲಿಗೆ ಸುಣ್ಣವೇ ಸರಿ, ಗೋಡೆಯ ತೇವ ಹೊರಗೆ ಹೋಗಲು ಬಿಡುತ್ತದೆ. ಒಂದು ಕೆ.ಜಿ. ಸುಣ್ಣಕ್ಕೆ 5 ಲೀಟರ್ ನೀರು. ಹಿಂದಿನ ದಿನವೇ ಕಬ್ಬಿಣದ ಡ್ರಮ್ಮಿನಲ್ಲಿ ನೆನೆಹಾಕಿ ಬಟ್ಟೆಯಲ್ಲಿ ಸೋಸಿ. ಸುಣ್ಣ ನೀರಿಗೆ ಬಿದ್ದಾಗ ಕುದಿಯುತ್ತದೆ, ತೆಳು ಪ್ಲಾಸ್ಟಿಕ್ ಬಕೆಟ್ ತಡೆಯದು. ಈ ಕೆಲಸ ದೊಡ್ಡವರೇ ಮಾಡಬೇಕು, ಕಣ್ಣಿಗೆ ಕನ್ನಡಕ ಹಾಕಿಕೊಂಡು. ಕಣ್ಣಿಗೆ ಹಾರಿದರೆ ಉಜ್ಜದೆ ಹದಿನೈದು ಇಪ್ಪತ್ತು ನಿಮಿಷ ಬರೀ ನೀರು ಬಿಟ್ಟು ನೇರ ಆಸ್ಪತ್ರೆಗೆ.

ಮೇ ಮೂರನೇ ವಾರ ಅಂದರೆ ಕೃತ್ತಿಕಾ ಮಳೆ. ಮಧ್ಯಾಹ್ನ ಮೂರರ ಮೇಲೆ ಗುಡುಗು ನಿಮ್ಮ ಕೈಯಲ್ಲಿಲ್ಲ. ಹೊರಗೋಡೆ ಮುಟ್ಟಲೇಬೇಡಿ.

ಶಿಬಿರಗಳಿಗೆ ಅಡುಗೆ ಮಾಡುವವರು, ಚಿಕ್ಕಮಗಳೂರು

ಹೊಟ್ಟೆ ಕೆಟ್ಟದ್ದು ಕೊನೇ ದಿನ ಅಂದಿರಲ್ಲ, ಮೂರು ಅನುಮಾನ. ಒಂದು, ರಾತ್ರಿ ಮಿಕ್ಕ ಅನ್ನ ದೊಡ್ಡ ಪಾತ್ರೆಯಲ್ಲೇ ಮುಚ್ಚಿಟ್ಟು ಬೆಳಿಗ್ಗೆ ಚಿತ್ರಾನ್ನ ಮಾಡಿರುತ್ತಾರೆ. ದೊಡ್ಡ ಪಾತ್ರೆಯ ನಡುವಿನ ಅನ್ನ ಬೆಳಗಿನವರೆಗೂ ಉಗುರುಬೆಚ್ಚಗೆ ಇರುತ್ತದೆ, ಅಲ್ಲಿ ಬೆಳೆಯುವ ವಿಷ ಒಗ್ಗರಣೆಯ ಬಿಸಿಗೆ ಹೋಗುವುದಿಲ್ಲ. ಎರಡು, ಕಾಯಿ ರುಬ್ಬಿ ಹಾಕಿದ ಸಾಂಬಾರನ್ನು ಮಧ್ಯಾಹ್ನದಿಂದ ರಾತ್ರಿಗೆ ಇಟ್ಟಿರುತ್ತಾರೆ. ಮೂರು, ಕೊನೇ ದಿನದ ಚಿಕನ್: ಬೆಳಿಗ್ಗೆ ತಂದು, ಫ್ರಿಜ್ಜಿಲ್ಲದೆ, ರಾತ್ರಿ ಬೇಯಿಸುವುದು. ಕೋಳಿ ಬೇಕೇ ಬೇಕು ಅಂದರೆ ಮಧ್ಯಾಹ್ನದ ಊಟಕ್ಕೆ ಮಾಡಿ, ಕತ್ತರಿಸಿದ ಎರಡು ಗಂಟೆಯೊಳಗೆ ಒಲೆ ಮೇಲಿರಲಿ. ಕಾಯಿ ಹಾಕಿದ ಸಾರು ಹೊತ್ತಿಗೊಮ್ಮೆ ಹೊಸದು, ರಾತ್ರಿಗೆ ಬೇಳೆಸಾರು ಸಾಕು. ಮಿಕ್ಕ ಅನ್ನ ಹಸುವಿಗೆ.

ಮಕ್ಕಳು, ದೊಡ್ಡವರು ಸೇರಿ 45 ಎಲೆ ಹಿಡಿಯಿರಿ. ಮಧ್ಯಾಹ್ನಕ್ಕೆ ಅಕ್ಕಿ 6 ಕೆ.ಜಿ., ಮಣ್ಣುಕೆಲಸದ ಎರಡು ದಿನ 7. ತೊಗರಿಬೇಳೆ 2 ಕೆ.ಜಿ., ತರಕಾರಿ 5 ಕೆ.ಜಿ. ಮಜ್ಜಿಗೆಗೆ 4 ಲೀಟರ್ ಮೊಸರು, ನೀರು ಸೇರಿ 9 ಲೀಟರ್ ಆಗಲಿ. ಉಪ್ಪಿಟ್ಟಿಗೆ ರವೆ 4 ಕೆ.ಜಿ., ನೀರು 12 ಲೀಟರ್, ಈರುಳ್ಳಿ 2 ಕೆ.ಜಿ. ರವೆ ಮನೆಯಲ್ಲೇ ಹುರಿದು ತನ್ನಿ, ಬೆಳಿಗ್ಗೆ ಅರ್ಧ ಗಂಟೆ ಉಳಿಯುತ್ತದೆ. ಟೀಗೆ ಮೂರೂವರೆ ಲೀಟರ್ ಹಾಲು, 2 ಲೀಟರ್ ನೀರು, ಅರ್ಧ ಕೆ.ಜಿ. ಸಕ್ಕರೆ. (ಕಾಫಿ ಸೀಮೆಯಲ್ಲಿ ಟೀ ಹೇಳಿದೆ ಅಂತ ಬೈಯಬೇಡಿ, ಇಷ್ಟು ಜನಕ್ಕೆ ಡಿಕಾಕ್ಷನ್ ಇಳಿಸುತ್ತಾ ಕೂತರೆ ತಿಂಡಿ ಒಂಬತ್ತಾಗುತ್ತದೆ.) ರೊಟ್ಟಿ, ಮುದ್ದೆ, ಕಡುಬಿಗೆ ಕೈ ಹಾಕಬೇಡಿ, ಪಳಗಿದ ನಾಲ್ಕು ಕೈ ಇಲ್ಲದೆ ಆಗದ ಕೆಲಸ ಅವು.

19 ಕೆ.ಜಿ.ಯ ಸಿಲಿಂಡರ್ ಎರಡು ಇಟ್ಟುಕೊಳ್ಳಿ. ಕುಡಿಯುವ ನೀರು ತಲೆಗೆ ದಿನಕ್ಕೆ 4 ಲೀಟರ್, ಅಂದರೆ 20 ಲೀಟರಿನ 9 ಕ್ಯಾನು. ಕೈ ತೊಳೆಯಲು ನಲ್ಲಿ ಇರುವ ಡ್ರಮ್ ಮತ್ತು ಸೋಪು ಊಟದ ಸಾಲಿನ ತಲೆಯಲ್ಲೇ ಇರಲಿ. ಎಲ್ಲರೂ ಅದೇ ಚೊಂಬು ಅದ್ದುವ ಬಕೆಟ್ ಇಟ್ಟರೆ ನನ್ನ ಮೇಲಿನ ಮಾತೆಲ್ಲ ದಂಡ.

ಹಾಸ್ಟೆಲ್ ಮೇಲ್ವಿಚಾರಕಿ, ಚಿಕ್ಕಮಗಳೂರು

ಹೆಣ್ಣುಮಕ್ಕಳ ಮನೆಯವರು ಹಿಂಜರಿಯುವುದು ತಪ್ಪಲ್ಲ ತಂಗಿ. "ನಂಬಿ" ಅನ್ನುವ ಬದಲು ಒಂದು ಹಾಳೆ ಕೊಡಿ: ರಾತ್ರಿ ಎಲ್ಲಿ ಮಲಗುತ್ತಾರೆ, ಅದೇ ಕೋಣೆಯಲ್ಲಿ ಯಾವ ಹೆಂಗಸರು ಇರುತ್ತಾರೆ, ವಾಹನ ಯಾವುದು, ಹತ್ತಿರದ ಆಸ್ಪತ್ರೆ ಯಾವುದು, ಫೋನ್ ಮಾಡುವ ಹೊತ್ತು ಯಾವುದು. ಹದಿನೆಂಟು ಹುಡುಗಿಯರಿಗೆ ಮೂವರು ಹೆಂಗಸರು ಬೇಕು, ಒಬ್ಬರಿಗೆ ಜ್ವರ ಬಂದರೂ ಇಬ್ಬರು ಉಳಿಯುವ ಹಾಗೆ. ಕಾನ್ವೆಂಟಿನ ಸಿಸ್ಟರ್ ಒಬ್ಬರು, ತಾಯಂದಿರು ಇಬ್ಬರು ಆದರೆ ಇನ್ನೂ ಒಳ್ಳೆಯದು.

ನಿಮ್ಮ ಪಟ್ಟಿಯಲ್ಲಿ ನನಗೆ ಕಂಡ ತೊಡಕು ವಯಸ್ಸಿನದು. 14ರ ಮಗು, 22ರ ಯುವಕ ಇಬ್ಬರೂ ನಿಮಗೆ "ಯುವಸಂಘ", ಕಾನೂನಿಗೆ ಅಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ 2012ರ ಪೋಕ್ಸೊ ಕಾಯ್ದೆಯ ಮುಂದೆ ಹದಿನೆಂಟು ತುಂಬದವರೆಲ್ಲ ಮಕ್ಕಳು, "ಅವಳೂ ಒಪ್ಪಿದ್ದಳು" ಎಂಬ ಮಾತಿಗೆ ಬೆಲೆಯಿಲ್ಲ. ಹಾಗಾಗಿ ಗಂಡುಮಕ್ಕಳಲ್ಲಿಯೂ ಹದಿನೆಂಟರ ಕೆಳಗಿನವರು, ಮೇಲಿನವರು ಬೇರೆ ಬೇರೆ ಕೋಣೆಯಲ್ಲಿ ಮಲಗಲಿ. ಯಾವ ದೊಡ್ಡವರೂ, ಫಾದರ್ ಸೇರಿ, ಮುಚ್ಚಿದ ಬಾಗಿಲ ಹಿಂದೆ ಒಂದು ಮಗುವಿನ ಜೊತೆ ಒಬ್ಬರೇ ಇರಬಾರದು. ಫಾದರ್ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆಯನ್ನೂ ಎಲ್ಲರಿಗೂ ಕಾಣುವ ಜಗುಲಿಯಲ್ಲಿ ಇಟ್ಟುಕೊಳ್ಳಬಹುದು. ಏನಾದರೂ ನಡೆದದ್ದು ತಿಳಿದರೆ ಒಳಗೊಳಗೇ ಮಾತಾಡಿ ಮುಗಿಸಲು ಹೋಗಬೇಡಿ. ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿರುವುದೇ ಅಪರಾಧ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಗೋಡೆಗೆ ಅಂಟಿಸಿ.

ಹೋಗುವ ಮುಂಚೆ ಆ ಶಾಲೆಯ ಶೌಚಾಲಯ ನೀವೇ ನೋಡಿ ಬನ್ನಿ. ರಜೆಯಲ್ಲಿ ನೀರು ಇರುವುದಿಲ್ಲ, ಒಳಗಿನ ಚಿಲಕ ಮುರಿದಿರುತ್ತದೆ. ಎರಡು ಚಿಲಕ, ನಾಲ್ಕು ಬಕೆಟ್, ಮುಚ್ಚಳವಿರುವ ಕಸದ ಡಬ್ಬಿ, ಎರಡು ಕಟ್ಟು ಪ್ಯಾಡ್ ಸಾಮಾನಿನ ಪಟ್ಟಿಗೆ ಸೇರಿಸಿ. ಹುಡುಗಿಯರು ನೀರು ಕುಡಿಯದೆ ತಲೆಸುತ್ತಿ ಬೀಳುವುದು ಬಿಸಿಲಿಗಿಂತ ಹೆಚ್ಚು ಈ ಕಾರಣಕ್ಕೆ.

ಶುಶ್ರೂಷಕಿ, ಕೊಪ್ಪ ತಾಲ್ಲೂಕು

ಹಳ್ಳಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯದಾದರೆ ಮೊದಲು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಮಂಗನ ಕಾಯಿಲೆ ಈ ವರ್ಷ ಅಲ್ಲಿ ಕಂಡಿದೆಯೇ ಕೇಳಿ. ಡಿಸೆಂಬರಿನಿಂದ ಮೇವರೆಗೂ ಅದರ ಕಾಲ. ಕಾಡಿನ ಉಣುಗಿನಿಂದ (ರಕ್ತ ಹೀರುವ ಉಣ್ಣೆಹುಳ) ಬರುತ್ತದೆ. ಮಕ್ಕಳನ್ನು ದರಗಿನ (ಉದುರಿದ ಒಣ ಎಲೆ) ಮೇಲೆ ಕೂರಿಸುವುದು, ಕಾಡಿನೊಳಗೆ ನಡಿಗೆ, ಬೇಲಿಗೆ ಸೊಪ್ಪು ಕಡಿಯಲು ಕಳಿಸುವುದು ಬೇಡ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿ, ಸಂಜೆ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿಸಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಇಲಾಖೆಗೆ ತಿಳಿಸಿ. ಶಿಬಿರ ಮುಗಿದ ಒಂದು ವಾರದೊಳಗೆ ಯಾರಿಗಾದರೂ ದಿಢೀರ್ ಜ್ವರ, ತಲೆನೋವು, ಮೈಕೈ ನೋವು ಬಂದರೆ "ಕಾಡಿನ ಕಡೆ ಹೋಗಿದ್ದೆ" ಎಂದು ವೈದ್ಯರಿಗೆ ಹೇಳಲೇಬೇಕು. ಇದನ್ನು ಮನೆಯವರ ಹಾಳೆಯಲ್ಲಿ ಬರೆಯಿರಿ.

ಮಳೆ ಬಿದ್ದಿದ್ದರೆ ಉಂಬಳ (ಜಿಗಣೆ) ಇರುತ್ತದೆ. ಉಪ್ಪು ಇಟ್ಟುಕೊಳ್ಳಿ, ಅದಕ್ಕೆ ಹೆದರಬೇಕಾಗಿಲ್ಲ. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಕೈಕಾಲು ಅಲುಗದಂತೆ ಮಲಗಿಸಿ 108ಕ್ಕೆ ಕರೆ ಮಾಡಿ, ವಿಷನಿವಾರಕ ಚುಚ್ಚುಮದ್ದು ಇರುವ ಆಸ್ಪತ್ರೆ ಯಾವುದೆಂದು ಮೊದಲೇ ಗೊತ್ತಿರಲಿ. ಓಆರ್‌ಎಸ್ 20 ಪೊಟ್ಟಣ. ಒಂದಕ್ಕೆ ಒಂದು ಲೀಟರ್ ನೀರು, ಲೋಟಕ್ಕೆ ಸುರಿದು ಕೊಡುವುದಲ್ಲ.

ಓದುಗರು, ಸಕಲೇಶಪುರ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಎಲ್ಲ ಕಡೆ ಕಾಡಾನೆ ಇದೆ. ಸಂಜೆ ಆರರ ಮೇಲೆ, ಬೆಳಿಗ್ಗೆ ಏಳರ ಒಳಗೆ ತೋಟದ ದಾರಿಯಲ್ಲಿ ನಡೆಸಬೇಡಿ. ಆನೆ ಯಾವ ಕಡೆ ಇದೆ ಎಂದು ಅರಣ್ಯ ಇಲಾಖೆಯವರು ಸಂದೇಶ ಕಳಿಸುತ್ತಾರೆ, ಊರಿನವರ ವಾಟ್ಸಾಪ್ ಗುಂಪಿಗೆ ಆ ನಾಲ್ಕು ದಿನ ಸೇರಿಕೊಳ್ಳಿ. ಪಿಕಪ್ಪಿನ ಹಿಂದೆ ಮಕ್ಕಳನ್ನು ನಿಲ್ಲಿಸಿಕೊಂಡು ಹೋಗುವುದು ಬೇಡ, ಅದು ಸಾಮಾನಿನ ಗಾಡಿ. ಹೊಳೆಗೆ ಯಾರೂ ಇಳಿಯಬಾರದು, ಈಜು ಬರುವವರು ಕೂಡ. ದುಡ್ಡು ಕಡಿಮೆಯಿದ್ದರೆ ಮಾಮೂಲಿ ಸಾರಿಗೆ ಬಸ್ಸು ನೋಡಿ: ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಗುತ್ತಿಗೆಗೆ ಹಿಡಿದ ಬಸ್ಸಿಗೆ ಅದು ನಡೆಯುವುದಿಲ್ಲ.

ಭಾನುವಾರ ಶಾಲೆಯ ಶಿಕ್ಷಕಿ, ಹಾಸನ

ಎರಡು ದಿನ ತರಗತಿ, ಆಮೇಲೆ ಎರಡು ದಿನ ಕೆಲಸ ಎಂಬ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. ಮೊದಲೆರಡು ದಿನ ಕೂತು ಕೂತು ಬೇಸರ, ಕೊನೆಯೆರಡು ದಿನ ಮೈನೋವು. ಮೊದಲ ದಿನ ಪರಿಚಯ, ತಂಡ ಮಾಡುವುದು, ಆಟ. ಎರಡು, ಮೂರನೇ ದಿನ ಬೆಳಿಗ್ಗೆ ಎಂಟರಿಂದ ಮೂರರವರೆಗೆ ಕೆಲಸ, ಸಂಜೆ ಒಂದೇ ಗಂಟೆಯ ಪಾಠ, ಅದೂ ಆ ದಿನ ಕಂಡದ್ದರ ಮೇಲೆ ಮಾತುಕತೆಯಾಗಿ. ಭಾಷಣಕಾರರು ಒಬ್ಬರು ಸಾಕು, ನಲವತ್ತು ನಿಮಿಷ ಮೀರಬಾರದು. ನಾಲ್ಕನೇ ದಿನ ಉಳಿದ ಕೆಲಸ, ಉಪಕರಣ ತೊಳೆದು ಎಣಿಸುವುದು, ಮಧ್ಯಾಹ್ನದ ಊಟ, ಮನೆಗೆ. ಸೋಮವಾರ ಶುರುವಾಗಿ ಗುರುವಾರ ಮುಗಿದರೆ ಭಾನುವಾರದ ಆರಾಧನೆಗೆ ತೊಡಕಿಲ್ಲ. ಎಸ್‌ಎಸ್‌ಎಲ್‌ಸಿ ಎರಡನೇ ಪರೀಕ್ಷೆ ಬರೆಯುವವರಿದ್ದರೆ ಮೊದಲು ಆ ದಿನಾಂಕ ನೋಡಿ.

ಹಿಂದಿರುಗುವಾಗ ಶೆಟ್ಟಿಹಳ್ಳಿಯ ಹಳೇ ಚರ್ಚು ನೋಡಿ ಬರೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಬೇರೆ ದಿನ ಇಡಿ. ದಣಿದ ನಲವತ್ತು ಮಕ್ಕಳನ್ನು, ಮೇಲ್ಛಾವಣಿಯಿಲ್ಲದ, ವರ್ಷದಲ್ಲಿ ಕೆಲವು ತಿಂಗಳು ಹೇಮಾವತಿ ಹಿನ್ನೀರಿನಲ್ಲಿ ನಿಲ್ಲುವ ಗೋಡೆಗಳ ನಡುವೆ ಸೆಲ್ಫಿಗೆ ಬಿಟ್ಟರೆ ಹಿಡಿಯುವವರು ಯಾರು?

ಚರ್ಚೊಂದರ ಲೆಕ್ಕ ನೋಡುವವರು, ಚಿಕ್ಕಮಗಳೂರು

ಹೊರದೇಶದಿಂದ ಬರುವ ಹಣದ ಬಗ್ಗೆ ಯಾರೂ ಬರೆಯಲಿಲ್ಲ. ಕಳಿಸುವವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಮೊದಲು ಕೇಳಿ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈಯಲ್ಲೋ ಕುವೈತಿನಲ್ಲೋ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ಪಡೆದವರು, ಒಸಿಐ ಕಾರ್ಡಿನವರು (ಭಾರತ ಮೂಲದ ವಿದೇಶಿ ಪ್ರಜೆಗಳು) ಕಳಿಸಿದರೆ ಆಗುತ್ತದೆ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಯಿಲ್ಲದ ಯುವಸಂಘ ಅದನ್ನು ಮುಟ್ಟುವಂತಿಲ್ಲ. ಅಲ್ಲಿನ ಚರ್ಚು ಕಳಿಸಿದರೂ ಅಷ್ಟೇ. "ಬಿಷಪ್ಪರ ಧರ್ಮಪ್ರಾಂತ್ಯದ ಸಂಸ್ಥೆಗೆ ನೋಂದಣಿ ಇದೆ, ಅವರ ಖಾತೆಗೆ ಹಾಕಿಸಿ ನಾವು ತೆಗೆದುಕೊಳ್ಳೋಣ" ಎಂಬ ದಾರಿಯೂ ಮುಚ್ಚಿದೆ: 2020ರ ತಿದ್ದುಪಡಿಯ ನಂತರ ಬಂದ ದೇಣಿಗೆಯನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ನಿಮ್ಮ ಸ್ವಂತ ಖಾತೆಗೆ, ಫೋನ್‌ಪೇಗೆ ಯಾರ ಹಣವನ್ನೂ ಹಾಕಿಸಿಕೊಳ್ಳಬೇಡಿ. ಚರ್ಚಿನ ಖಾತೆಗೆ ಬರಲಿ, ರಸೀದಿ ಹೋಗಲಿ. ಬಣ್ಣ, ಹೆಂಚು, ಗುದ್ದಲಿ ಶಾಲೆಗೇ ಉಳಿಯುವುದಾದರೆ ಬಿಲ್ಲಿನ ಪ್ರತಿ ಮುಖ್ಯಶಿಕ್ಷಕರಿಗೆ ಕೊಟ್ಟು ಅವರ ದಾಸ್ತಾನು ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿಸಿಕೊಂಡೇ ಬಸ್ಸು ಹತ್ತಿ.