‘ಕಂಟಿನ್ಯುಯೇಶನ್ ಕಾಮಿಕ್ಸ್’ಗೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ:

ವಿಜ್ಞಾನ ಕಥೆಯ ಹಳೆಯ ಟಿವಿ ಧಾರಾವಾಹಿಗಳು ನಿಂತ ಮೇಲೆ ಅವೇ ಪಾತ್ರಗಳನ್ನು ಇಟ್ಟುಕೊಂಡು ಕಾಮಿಕ್ಸ್‌ನಲ್ಲಿ ಕಥೆ ಬೆಳೆಸುವುದುಂಟು. ಸ್ಟಾರ್ ಟ್ರೆಕ್, ದಿ ಎಕ್ಸ್-ಫೈಲ್ಸ್, ಫೈರ್‌ಫ್ಲೈ ಎಲ್ಲಕ್ಕೂ ಇಂಥವು ಬಂದಿವೆ. ಇವುಗಳ ಪಟ್ಟಿಯಲ್ಲಿ ‘ಮುಂದುವರಿದ ಕಾಮಿಕ್ಸ್’ ಎಂದು ಬರೆದರೆ ‘ಮುಂದುವರಿದ ದೇಶ’ದ ಹಾಗೆ ಕೇಳುತ್ತದೆ. ‘ಚಿತ್ರಕಥೆ’ ಎಂದರೆ ಸಿನಿಮಾದವರ ‘ಚಿತ್ರಕಥೆ-ಸಂಭಾಷಣೆ-ನಿರ್ದೇಶನ’ ನೆನಪಾಗುತ್ತದೆ. ಮೂಲ ಕಥೆಯ ಭಾಗವೇ ಎಂದು ಒಪ್ಪಿಕೊಂಡದ್ದಕ್ಕೆ ಇಂಗ್ಲಿಷಿನವರು ಹೇಳುವ ‘ಕ್ಯಾನನ್’ಗೆ ‘ಅಧಿಕೃತ’ ಎನ್ನಬಹುದೇ? ಟಿವಿಯ ಎಪಿಸೋಡ್, ಕಾಮಿಕ್ಸ್‌ನ ಇಶ್ಯೂ ಎರಡಕ್ಕೂ ‘ಸಂಚಿಕೆ’ ಎಂದರೆ ಸಾಕೇ? ತಿಳಿದವರು ಹೇಳಬೇಕು.

ಉತ್ತರ:

ಕೊನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸೋಣ. ಸಾಕಾಗುವುದಿಲ್ಲ. ನಮ್ಮ ಚಾನೆಲ್‌ಗಳು ‘ಮಹಾಸಂಚಿಕೆ’ ಎಂದೆಂದು ಸಂಚಿಕೆಯನ್ನು ಟಿವಿಗೂ ಎಳೆದುಕೊಂಡಿವೆ. ‘ಸೀಸನ್ 10, 25 ಸಂಚಿಕೆ’ ಎಂದು ಬರೆದರೆ ಓದುವವರು ಟಿವಿಯಲ್ಲಿ 25 ದಿನ ಬಂದಿರಬೇಕು ಎಂದುಕೊಳ್ಳುತ್ತಾರೆ. ಟಿವಿಗೆ ‘ಕಂತು’, ಕಾಮಿಕ್ಸ್‌ಗೆ ‘ಸಂಚಿಕೆ’, ಸಂಚಿಕೆಗಳನ್ನು ಒಟ್ಟಿಗೆ ಹೊಲಿದ ದಪ್ಪ ಪುಸ್ತಕಕ್ಕೆ ‘ಸಂಪುಟ’ ಎಂದು ಪಟ್ಟಿಯ ತುದಿಯವರೆಗೂ ಅದನ್ನೇ ಪಾಲಿಸಿ. ‘ಕಾಮಿಕ್ಸ್’ ಹಾಗೆಯೇ ಇರಲಿ, ಕನ್ನಡಿಗರ ಬಾಯಲ್ಲಿ ಅದು ಎಂದೋ ಏಕವಚನವಾಗಿದೆ.

ತೊಡಕಿರುವುದು ‘ಕಂಟಿನ್ಯುಯೇಶನ್’ನಲ್ಲಿ. ಆ ಒಂದೇ ಪದದೊಳಗೆ ಬೇರೆ ಬೇರೆ ಕೆಲಸಗಳಿವೆ. ಫೈರ್‌ಫ್ಲೈ ತೆಗೆದುಕೊಳ್ಳಿ. ಧಾರಾವಾಹಿ 2002ರದು, ತಯಾರಾದದ್ದು 14 ಕಂತು. ಅದರ ಮುಂದಿನ ಕಥೆಯಾಗಿ ‘ಸೆರೆನಿಟಿ’ ಸಿನಿಮಾ 2005ರಲ್ಲಿ ಬಂತು. ಅದೇ ವರ್ಷ ಡಾರ್ಕ್ ಹಾರ್ಸ್ ಪ್ರಕಾಶನ ತಂದ ಕಾಮಿಕ್ಸ್ ‘ದೋಸ್ ಲೆಫ್ಟ್ ಬಿಹೈಂಡ್’ ಮೂರೇ ಸಂಚಿಕೆಯದು. ಕೊನೆಯ ಕಂತಿಗೂ ಸಿನಿಮಾಕ್ಕೂ ನಡುವಿನ ತೆರವನ್ನು ತುಂಬುವುದಷ್ಟೇ ಅದರ ಕೆಲಸ. 2014ರ ‘ಲೀವ್ಸ್ ಆನ್ ದಿ ವಿಂಡ್’ ಹಾಗಲ್ಲ, ಸಿನಿಮಾ ಮುಗಿದ ಮೇಲೆ ಏನಾಯಿತೆಂದು ಆರು ಸಂಚಿಕೆಗಳಲ್ಲಿ ಹೇಳುತ್ತದೆ. ಮೊದಲನೆಯದನ್ನು ‘ಸೇತುಕಥೆ’ ಎನ್ನಿ, ಎರಡನೆಯದನ್ನು ‘ಉತ್ತರಭಾಗ’. ಸಂಸ್ಕೃತದ ಬಾಣಭಟ್ಟ ಅರ್ಧಕ್ಕೆ ಬಿಟ್ಟುಹೋದ ‘ಕಾದಂಬರಿ’ಯನ್ನು ಮಗ ಪೂರೈಸಿದ ಭಾಗಕ್ಕೆ ನಾವು ಹೇಳುವುದು ಉತ್ತರಭಾಗ ಎಂದೇ ಅಲ್ಲವೇ?

ಧಾರಾವಾಹಿ ನಡೆಯುತ್ತಿರುವಾಗಲೇ ಪಕ್ಕದಲ್ಲಿ ಓಡುವ ಕಾಮಿಕ್ಸ್ ಇನ್ನೊಂದು ಬಗೆ. ಬ್ರಿಟನ್ನಿನ ‘ಟಿವಿ ಕಾಮಿಕ್’ ವಾರಪತ್ರಿಕೆಯಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಕಥೆ 1964ರಲ್ಲೇ ಶುರುವಾಯಿತು. ಅದರಲ್ಲಿ ಡಾಕ್ಟರಿಗೆ ಜಾನ್, ಗಿಲಿಯನ್ ಎಂಬ ಇಬ್ಬರು ಮೊಮ್ಮಕ್ಕಳು. ಟಿವಿಯಲ್ಲಿ ಈ ಮಕ್ಕಳ ಸುಳಿವೇ ಇಲ್ಲ. ಇಂಥದ್ದು ‘ಜೊತೆಕಥೆ’. ಗೋಲ್ಡ್ ಕೀ ಪ್ರಕಾಶನದ ಸ್ಟಾರ್ ಟ್ರೆಕ್ ಕೂಡ 1967ರಲ್ಲಿ ಜೊತೆಕಥೆಯಾಗಿಯೇ ಹುಟ್ಟಿತು. 1969ರಲ್ಲಿ ಧಾರಾವಾಹಿ ನಿಂತರೂ ಅದು ನಿಲ್ಲದೆ 1979ರವರೆಗೆ 61 ಸಂಚಿಕೆ ನಡೆಯಿತು. ಮೊದಮೊದಲ ಸಂಚಿಕೆಗಳಿಗೆ ಚಿತ್ರ ಬರೆದ ಇಟಲಿಯ ಕಲಾವಿದರು ಧಾರಾವಾಹಿ ನೋಡಿರಲಿಲ್ಲ, ಅವರ ಮುಂದಿದ್ದದ್ದು ಪ್ರಚಾರದ ಫೋಟೋಗಳು. ಹಾಗಾಗಿ ಎಂಟರ್‌ಪ್ರೈಸ್ ನೌಕೆಯ ಎರಡು ಎಂಜಿನ್ ಕೊಳವೆಗಳ ಹಿಂದಿನಿಂದ ದೀಪಾವಳಿ ರಾಕೆಟ್ಟಿನ ಹಾಗೆ ಬೆಂಕಿ ಉಗುಳುತ್ತದೆ! ಇದನ್ನು ಕೊನೆಗೆ ಉತ್ತರಭಾಗವೆನ್ನಬೇಕೆ, ಜೊತೆಕಥೆಯೆನ್ನಬೇಕೆ? ಹುಟ್ಟಿದಾಗಿನ ಹೆಸರೇ ಇರಲಿ ಎನ್ನುವುದು ನನ್ನ ಮತ. ಟಿವಿಯಲ್ಲಿ ಕಾಣದ ನಾಲ್ಕನೆಯ ವರ್ಷದ ಯಾನವನ್ನೇ ಹೇಳಲು ಐಡಿಡಬ್ಲ್ಯೂ ಪ್ರಕಾಶನ 2007ರಲ್ಲಿ ತಂದ ‘ಇಯರ್ ಫೋರ್’ ಮಾತ್ರ ಅಪ್ಪಟ ಉತ್ತರಭಾಗ.

‘ಕ್ಯಾನನ್’ಗೆ ‘ಅಧಿಕೃತ’ ಖಂಡಿತ ಬೇಡ. ಮೇಲೆ ಹೇಳಿದವೆಲ್ಲ ಹಕ್ಕು ಪಡೆದು ಅಚ್ಚಾದ ಅಧಿಕೃತ ಕಾಮಿಕ್ಸೇ. ಆದರೆ ಟಿವಿ ಬರೆಯುವವರು ಅದರಲ್ಲಿ ನಡೆದದ್ದಕ್ಕೆ ಬದ್ಧರಲ್ಲ. ಎಕ್ಸ್-ಫೈಲ್ಸ್‌ನಲ್ಲಿ ಇದು ಕಣ್ಣಿಗೆ ಹೊಡೆಯುತ್ತದೆ. ಟಿವಿಯ ಒಂಬತ್ತನೆಯ ಸೀಸನ್ 2002ರಲ್ಲಿ ಮುಗಿಯಿತು. ಕಥಾನಾಯಕ ಮುಲ್ಡರನ ಗೆಳೆಯರಾದ ‘ಲೋನ್ ಗನ್‌ಮೆನ್’ ಮೂವರು ಆ ಸೀಸನ್‌ನಲ್ಲೇ ಸತ್ತರು. 2013ರಲ್ಲಿ ಐಡಿಡಬ್ಲ್ಯೂ ‘ಸೀಸನ್ 10’ ಎಂಬ ಹೆಸರಿನಲ್ಲೇ ಕಾಮಿಕ್ಸ್ ತಂದಿತು. ಧಾರಾವಾಹಿಯ ಸೃಷ್ಟಿಕರ್ತ ಕ್ರಿಸ್ ಕಾರ್ಟರ್ ಅವರ ಹೆಸರೂ ಕಾರ್ಯನಿರ್ವಾಹಕ ನಿರ್ಮಾಪಕರೆಂದು ಅದರ ಮೇಲಿತ್ತು. ಅದರಲ್ಲಿ ಆ ಮೂವರು ಸತ್ತಿಲ್ಲ, ತಲೆಮರೆಸಿಕೊಂಡಿದ್ದಾರೆ. 2016ರ ಜನವರಿಯಿಂದ ಟಿವಿಯೇ ಆರು ಕಂತಿನ ಸೀಸನ್ 10 ಪ್ರಸಾರ ಮಾಡಿತು. ಅಲ್ಲಿ ಅವರು ಕಾಣಿಸುವುದು ಮುಲ್ಡರನ ಭ್ರಮೆಯಲ್ಲಿ ಮಾತ್ರ. ಕಾಮಿಕ್ಸ್‌ನ 25 ಸಂಚಿಕೆಗಳ ಪಾಡು ಆಟಕ್ಕುಂಟು ಲೆಕ್ಕಕ್ಕಿಲ್ಲ. ಕ್ಯಾನನ್‌ಗೆ ನಾಮಪದ ಹುಡುಕುವ ಬದಲು ಈ ಗಾದೆಯಿಂದಲೇ ಕ್ರಿಯಾಪದ ತೆಗೆದುಕೊಳ್ಳಿ: ‘ಟಿವಿ ಕಥೆ ಇದನ್ನು ಲೆಕ್ಕಕ್ಕೆ ಹಿಡಿದಿಲ್ಲ.’

ಇನ್ನೊಂದು ಉತ್ತರ:

‘ಲೆಕ್ಕಕ್ಕೆ ಹಿಡಿಯುವುದು’ ಚೆನ್ನಾಗಿದೆ, ಆದರೆ ಪಟ್ಟಿಯ ಅಂಕಣಕ್ಕೆ ತಲೆಬರಹ ಬೇಕಲ್ಲ? ಅಲ್ಲಿ ಚುಟುಕಾಗಿ ‘ಪ್ರಮಾಣ: ಹೌದು/ಇಲ್ಲ’ ಎಂದು ಹಾಕಬಹುದು. ಶಾಸ್ತ್ರದಲ್ಲಿ ಪದಕ್ಕೆ ಈ ಅರ್ಥವೇ ಇದೆ. ವಾಕ್ಯದೊಳಗೆ ಬಂದರೆ ಮಾತ್ರ ಪ್ರಮಾಣವಚನವೋ ಅಡುಗೆಯ ಪ್ರಮಾಣವೋ ಎಂಬ ಗೊಂದಲ, ಅಲ್ಲಿ ಬೇಡ.

ಕೆಲವರು ಇಂಥ ಕಾಮಿಕ್ಸ್‌ಗೆ ‘ಪ್ರಕ್ಷಿಪ್ತ’ ಎನ್ನುವುದನ್ನು ನೋಡಿದ್ದೇನೆ. ಅದು ಸಲ್ಲದು. ಪ್ರಕ್ಷಿಪ್ತವೆಂದರೆ ಮೂಲ ಕವಿಯ ಹೆಸರಿನಡಿ ಯಾರೋ ತೂರಿಸಿದ ಪದ್ಯ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ ಭಾರತವನ್ನು ತಿಮ್ಮಣ್ಣ ಕವಿ ಅದೇ ಭಾಮಿನಿಯಲ್ಲಿ, ಆದರೆ ತನ್ನ ಹೆಸರಲ್ಲೇ ಮುಂದುವರಿಸಿದ. ಅದು ಪ್ರಕ್ಷಿಪ್ತವಲ್ಲ. ಕಾಮಿಕ್ಸ್ ಬರೆದವರ ಹೆಸರೂ ಮುಖಪುಟದ ಮೇಲೇ ಇರುತ್ತದೆ.

ಪಟ್ಟಿ ಮಾಡುವಾಗ ‘ಸೀಸನ್’ ಪಕ್ಕದಲ್ಲಿ ಮಾಧ್ಯಮವನ್ನೂ ವರ್ಷವನ್ನೂ ಬಿಡದೆ ಬರೆಯಿರಿ: ‘ಸೀಸನ್ 10 – ಕಾಮಿಕ್ಸ್, 2013’, ‘ಸೀಸನ್ 10 – ಟಿವಿ, 2016’. ವರ್ಷವನ್ನು ಮುಖಪುಟದಿಂದ ಎತ್ತಿಕೊಳ್ಳಬೇಡಿ. ಅಮೆರಿಕದ ಹಳೆಯ ಕಾಮಿಕ್ಸ್ ಮೇಲೆ ಕಾಣುವ ತಿಂಗಳು ಅಂಗಡಿಗೆ ಬಂದ ತಿಂಗಳಿಗಿಂತ ಎರಡು ಮೂರು ತಿಂಗಳು ಮುಂದಿರುತ್ತದೆ. ನವೆಂಬರಿನಲ್ಲಿ ಮಾರಿದ್ದಕ್ಕೆ ಮರುವರ್ಷದ ಜನವರಿ ಎಂದಿದ್ದರೆ ಇಡೀ ವರ್ಷವೇ ತಪ್ಪುತ್ತದೆ. ಪ್ರಕಾಶಕ, ಹಕ್ಕುದಾರರ ಹೆಸರಿಗೆ ಒಳಪುಟದ ಸಣ್ಣ ಅಕ್ಷರಗಳನ್ನು ಓದಿ.

ಪ್ರಶ್ನೆ ಕೇಳಿದವರಿಂದ:

ಉಪಕಾರವಾಯಿತು. ‘ಉತ್ತರಭಾಗ’, ‘ಸೇತುಕಥೆ’, ‘ಜೊತೆಕಥೆ’ ಮೂರನ್ನೂ ಬಳಸುತ್ತೇನೆ. ಗೋಲ್ಡ್ ಕೀಯ ‘ಸ್ಪೇಸ್ ಫ್ಯಾಮಿಲಿ ರಾಬಿನ್ಸನ್’ ಯಾವುದಕ್ಕೆ ಸೇರುತ್ತದೆ? ಅದರ ಮುಖಪುಟದಲ್ಲಿ ‘ಲಾಸ್ಟ್ ಇನ್ ಸ್ಪೇಸ್’ ಎಂದೂ ಇದೆಯಲ್ಲ?

ಉತ್ತರ:

ಯಾವುದಕ್ಕೂ ಸೇರುವುದಿಲ್ಲ. ಆ ಕಾಮಿಕ್ಸ್ 1962ರದು, ‘ಲಾಸ್ಟ್ ಇನ್ ಸ್ಪೇಸ್’ ಧಾರಾವಾಹಿ ಬಂದದ್ದು 1965ರಲ್ಲಿ. ಧಾರಾವಾಹಿಯ ಹೆಸರು ಆಮೇಲೆ ಮುಖಪುಟಕ್ಕೆ ಅಂಟಿಕೊಂಡಿತು, ಒಳಗಿನ ಕುಟುಂಬ ಮಾತ್ರ ಬೇರೆಯದೇ. ಅದನ್ನು ಪಟ್ಟಿಯಿಂದ ತೆಗೆಯಿರಿ.